ಕಾಂಪೌಂಡ್ ಗೋಡೆಯ ಇವತ್ತಿನ ಪದ

ಪ್ರೀತಿಯ ಭಾವ,

ನೀವು ಅವೆನ್ಯೂ ರಸ್ತೆಯಿಂದ ಇಂಡೋನೇಷ್ಯಾದ ಹಳೇ ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ದಿನ ನೆನಪಿದೆಯೇ? ಚಪ್ಪಲಿಯನ್ನೂ ಬಿಡದೆ ಕೂಗಿದಿರಿ: "ಲೋ ಕಿಟ್ಟಿ, ನಮ್ಮ ಚಿಂತೆ ಅನ್ನೋ ಪದ ಅಲ್ಲಿಗೆ ಹೋಗಿ ಪ್ರೀತಿ ಆಗಿದೆ ಕಣೋ! ಭಾಗ್ಯ ಹೋಗಿ ಸಂತೋಷ ಆಗಿದೆ!"

"ಸಂಸಾರ ಏನಾಗಿದೆ ಭಾವ?"

"ಕಷ್ಟ ಆಗಿದೆ."

ಅಡುಗೆಮನೆಯಲ್ಲಿ ಅಕ್ಕ ಸೌಟು ಕುಟ್ಟಿದ ಸದ್ದು...

ಮರುದಿನದಿಂದಲೇ ಚಾಮರಾಜಪೇಟೆಯ ನಮ್ಮ ಬೀದಿಗೆ ಹೊಸ ಪದ್ಧತಿ ಬಂತು. ಅಕ್ಕ ಬಾಗಿಲಲ್ಲಿ ರಂಗೋಲಿ ಇಡುವ ಹೊತ್ತಿಗೆ ನೀವು ಕಾಂಪೌಂಡಿಗೆ ತೂಗುಹಾಕಿದ ಕರಿಹಲಗೆಯ ಮೇಲೆ ಒಂದು ಸಂಸ್ಕೃತ ಪದ ಬರೆದು, ಪಕ್ಕದಲ್ಲಿ ಸಮುದ್ರದಾಚೆ ಅದಕ್ಕಿರುವ ಅರ್ಥ ಬರೆಯುತ್ತಿದ್ದಿರಿ. ಎದುರುಮನೆ ಶಾಮಣ್ಣನವರು ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು. "ದೇವಭಾಷೆ ರೀ ಮೇಷ್ಟ್ರೇ, ಕೆಡಿಸ್ಬೇಡಿ." "ಕೆಟ್ಟಿಲ್ಲ ಶಾಮಣ್ಣ, ನಾಲ್ಕೂರು ನೋಡ್ಕೊಂಡು ಬಂದಿದೆ" ಎಂದು ನೀವು ಮತ್ತೆ ಬರೆಯುತ್ತಿದ್ದಿರಿ.

ನೀವು ಹೋದ ಮೇಲೆ ಸೂತಕದ ದಿನಗಳಲ್ಲಿ ರಂಗೋಲಿಯೂ ಇರಲಿಲ್ಲ, ಹಲಗೆಯೂ ಖಾಲಿ. ನಿನ್ನೆ ಶುಭಸ್ವೀಕಾರದ ಊಟ ಮುಗಿಸಿ ಶಾಮಣ್ಣ ಅಂದರು: "ಇನ್ನು ಆ ಹಲಗೆ ಇಳಿಸ್ಬಿಡಿ ಕಿಟ್ಟಣ್ಣ. ಮೇಷ್ಟ್ರ ಹುಚ್ಚು ಮೇಷ್ಟ್ರ ಜೊತೆ ಹೋಗ್ಲಿ." ಹುಚ್ಚಂತೆ! ಪದಗಳು ಹಡಗು ಹತ್ತುವಾಗ ಇವರ ಅಪ್ಪಣೆ ಕೇಳಿದ್ದವೇ? ನಾನು ಬಹಳ ವಿನಯದಿಂದ "ಇಳಿಸ್ತೀನಿ ಸ್ವಾಮಿ" ಎಂದೆ. ನನ್ನ ವಿನಯ ನಿಮಗೆ ಗೊತ್ತಲ್ಲ...

ಇವತ್ತು ಬೆಳಿಗ್ಗೆ ಹಲಗೆ ಇಳಿಸಿಯೇ ಬಿಟ್ಟೆ. ಮೂಲೆಯ ಎಸ್‌ಟಿಡಿ ಬೂತಿಗೆ ಬಳಿದು ಮಿಕ್ಕಿದ್ದ ಹಳದಿ ಆಯಿಲ್ ಪೇಂಟ್ ತಂದೆ, ನೇರ ಗೋಡೆಗೇ ಬರೆಯಲು. ಯಾವ ಒದ್ದೆ ಬಟ್ಟೆಗೂ ಜಗ್ಗದ ಬಣ್ಣ. "ಯಾವ ಪದ ಬರೀಲಿ ಅಕ್ಕ?" ಎಂದು ಕೇಳಿದ್ದಷ್ಟೇ, ರಂಗೋಲಿ ಮುಗಿಸಿ ಎದ್ದವಳು ಬ್ರಷ್ ಕಿತ್ತುಕೊಂಡಳು. ಅಂಗೈಯಗಲದ ಅಕ್ಷರಗಳು: "ಸ್ವಾಮಿ. ಇಂಡೋನೇಷ್ಯಾದಲ್ಲಿ ಗಂಡ." ಅದರ ಕೆಳಗೆ ನಿಮ್ಮ ಹೆಸರು, ನರಹರಿ, ಇನಿಷಿಯಲ್ ಸಮೇತ. ಮದುವೆಯಾದಂದಿನಿಂದ ನಿಮ್ಮನ್ನು "ನಮ್ಮನೆಯವರು" ಬಿಟ್ಟು ಬೇರೇನೂ ಅನ್ನದವಳು!

ಬಟ್ಟೆ ಹಿಡಿದು ಬಂದ ಶಾಮಣ್ಣ ಗೇಟಿನಲ್ಲೇ ನಿಂತರು. "ಏನಮ್ಮಾ ಇದು, ಗಂಡನ ಹೆಸರು..."

"ಬಾಯಲ್ಲಿ ಹೇಳ್ಬಾರ್ದು ಅಂದಿದ್ರು ಶಾಮಣ್ಣನೋರೇ. ಬರೀಬಾರ್ದು ಅಂತ ಯಾರೂ ಹೇಳಿರ್ಲಿಲ್ಲ."

ಬಣ್ಣ ಇನ್ನೂ ಹಸಿಯಾಗಿದೆ ಭಾವ. ಗೋಡೆ ಉದ್ದಕ್ಕಿದೆ. ನಾಳೆಯ ಪದಕ್ಕೆ ಅಕ್ಕ ಈಗಲೇ ನಿಮ್ಮ ನಿಘಂಟು ತಿರುವಿಹಾಕುತ್ತಿದ್ದಾಳೆ. ಬ್ರಷ್ ನನಗೆ ವಾಪಸ್ ಕೊಡುವ ಹಾಗೆ ಕಾಣುವುದಿಲ್ಲ.

ನಿಮ್ಮ ಭಾವಮೈದುನ,
ಕಿಟ್ಟಿ