ಬಾಗಿಲು ಹಾಕಿಕೊಂಡ ಅಪ್ಪ

ಜೂನ್ 14, ಶನಿವಾರ

ಇವತ್ತೂ ಜಂಗಮಕೋಟೆ. ಕಾಲೇಜಿಗೆ ಮತ್ತೆ ರಜೆ. ಸಂಹಿತಾಳ ಡಾಕ್ಯುಮೆಂಟರಿಗೆ ನಾನು ದಾರಿ ತೋರಿಸುವವಳು, ಇಂಗ್ಲಿಷಿಗೆ ಅನುವಾದಿಸುವವಳು, ಊರವರ ಮುಂದೆ ಜಾಮೀನು. ಹಾಸ್ಟೆಲಿನ ಹಳೇ ರೂಂಮೇಟ್ ಕೇಳಿದಳು, ಒಪ್ಪಿದೆ. ವಿಷಯವೂ ಒಳ್ಳೆಯದು — ಬಡ ಮಕ್ಕಳಿಗೆ ಆಟವೇ ಬಿಡುಗಡೆ. ನನ್ನ ಪಿಯು ವಿದ್ಯಾರ್ಥಿನಿ ತನುಜಳನ್ನು ತೋರಿಸಿಕೊಟ್ಟವಳೂ ನಾನೇ. ಖೋ ಖೋದಲ್ಲಿ ಆ ಹುಡುಗಿ ಕಂಬ ಹಿಡಿದು ತಿರುಗುವುದನ್ನು ನೋಡಬೇಕು...

ಮಧ್ಯಾಹ್ನ ಒಂದು ಗಲಾಟೆ. ತನುಜಳ ಅಪ್ಪ ಆವುಲಪ್ಪನವರ ಹುಳುಮನೆಯಲ್ಲಿ ರೇಷ್ಮೆಹುಳುಗಳು ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಹೊತ್ತಿಗೆ ಇಲ್ಲಿ ಹಾಗೆನ್ನುತ್ತಾರೆ. ಆಗ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಕ್ಯಾಮೆರಾದವರು ಮೈಗೆಲ್ಲ ಸೊಳ್ಳೆ ಕ್ರೀಮ್ ಹಚ್ಚಿಕೊಂಡು ನುಗ್ಗಿದ್ದಾರೆ.

"ಎಷ್ಟ್ ಸಲ ಹೇಳೋದು? ಬೇಡ ಅಂದ್ರೆ ಬೇಡ!" ಆವುಲಪ್ಪ ಕ್ಯಾಮೆರಾದ ಮುಖಕ್ಕೇ ಬಾಗಿಲು ಧಡಾರನೆ ಮುಚ್ಚಿದರು.

ಆಮೇಲೆ ಅವರೇ ಸಂಕೋಚದಿಂದ ಬಂದರು. "ತಪ್ ತಿಳ್ಕೋಬೇಡಿ ಮೇಡಂ. ಆ ವಾಸ್ನೆಗೆ ಹುಳ ಉಳಿಯಲ್ಲ."

ಹೆಂಡತಿ ಅನಸೂಯಮ್ಮ ನಕ್ಕುಬಿಟ್ಟರು. "ನಾನ್ ಮಲ್ಲಿಗೆ ಹೂವ ಮುಡ್ಕೊಂಡ್ ಹೋದ್ರೂ ಒಳಕ್ ಬಿಡಲ್ಲ ಈ ಮಹಾನುಭಾವ. ನಿಮ್ಮೋರು ಯಾವ ಲೆಕ್ಕ!"

ಜೂನ್ 17, ಮಂಗಳವಾರ

ಆವುಲಪ್ಪನವರ ಸಂದರ್ಶನ. ಕ್ಯಾಮೆರಾ ಮುಂದೆ ಮೊದಲು ಒಂದೊಂದೇ ಪದ. ಮಗಳ ಆಟದ ಮಾತು ಬಂದಿದ್ದೇ ತಡ, ನಿಲ್ಲಿಸಲೇ ಇಲ್ಲ. ದಿನಾ ಸಂಜೆ ಹುಳುವಿಗೆ ಸೊಪ್ಪು ಹಾಕಿ, ಮಗಳನ್ನು ಟಿವಿಎಸ್‌ನಲ್ಲಿ ಕೂರಿಸಿಕೊಂಡು ಶಿಡ್ಲಘಟ್ಟದ ಮೈದಾನಕ್ಕೆ ಬರುತ್ತಾರೆ. ಆಟ ಮುಗಿಯುವವರೆಗೂ ಕಂಬದ ಹಿಂದೆ ನಿಂತು ಕೂಗು — "ಬಗ್ಗೇ ತಲ್ಲೀ, ಬಗ್ಗು!" ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ, ಮಗಳನ್ನು ಮುದ್ದಿಗೆ ಕರೆಯುವುದು ಹಾಗೆ. ತನುಜಳಿಗೆ ನಾಚಿಕೆ. "ಮಿಸ್, ರೆಫ್ರಿಗಿಂತ ನಮ್ಮಪ್ಪಂದೇ ಜೋರು."

ನಮ್ಮಪ್ಪ ನನ್ನ ಸ್ಪೋರ್ಟ್ಸ್ ಡೇಗೆ ಒಮ್ಮೆಯೂ ಬಂದವರಲ್ಲ. ಅದಕ್ಕೇ ಇವರನ್ನು ಕಂಡರೆ ಇಷ್ಟು... ಇರಲಿ.

"ಇದನ್ನು ಬಿಡಬೇಡ" ಎಂದೆ ಸಂಹಿತಾಗೆ. "ಖಂಡಿತ ಇಟ್ಕೋತೀನಿ ಕಣೇ" ಎಂದಳು.

ನವೆಂಬರ್ 22, ಶನಿವಾರ. ಸಂಜೆ

ಚಿಕ್ಕಬಳ್ಳಾಪುರದಲ್ಲಿ ಸ್ಕ್ರೀನಿಂಗ್ ಇತ್ತು. ಈಗಷ್ಟೇ ಮನೆಗೆ ಬಂದೆ.

ತನುಜ, ಅಪ್ಪ, ಅಮ್ಮ, ಮೂವರೂ ಬಂದಿದ್ದರು. ಆವುಲಪ್ಪನವರದು ಇಸ್ತ್ರಿ ಅಂಗಿ. ಮುಂದಿನ ಸಾಲು.

ಪರದೆಯ ಮೇಲೆ ತನುಜ ಶೂ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಾಳೆ. ಮರುಕ್ಷಣ ಅಪ್ಪನ ಮುಖ. "ಎಷ್ಟ್ ಸಲ ಹೇಳೋದು? ಬೇಡ ಅಂದ್ರೆ ಬೇಡ!" ಬಾಗಿಲು ಧಡಾರ್. ಮತ್ತೆ ತನುಜ, ತಲೆ ತಗ್ಗಿಸಿ. ಕೆಳಗೆ ಇಂಗ್ಲಿಷ್ ಸಾಲು. ಅನುವಾದ ನನ್ನದೇ. ಒಂದು ಅಕ್ಷರವೂ ತಪ್ಪಿಲ್ಲ.

ಟಿವಿಎಸ್ ಇಲ್ಲ. ಕಂಬದ ಹಿಂದಿನ ಕೂಗು ಇಲ್ಲ. ಸಂದರ್ಶನದ ಒಂದು ಮಾತೂ ಇಲ್ಲ.

ಹಿಂದಿನಿಂದ ಯಾರೋ, "ಥೂ, ಎಂಥಾ ಅಪ್ಪನೋ" ಅಂದರು.

ದೀಪ ಹತ್ತಿದಾಗ ಆವುಲಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅದು ನಮ್ಮ ಹುಳದ್ ಮನೆ ಬಾಗಿಲಲ್ವಾ ಮೇಡಂ?"

ನವೆಂಬರ್ 23, ಭಾನುವಾರ

ಸಂಹಿತಾಗೆ ಫೋನ್ ಮಾಡಿದೆ. ಕೂಗಾಡಬಾರದು ಎಂದುಕೊಂಡೇ ಮಾಡಿದ್ದು. ಕೂಗಾಡಲಿಲ್ಲ. ಕೂಗಾಡಬೇಕಿತ್ತೇನೋ.

"ಕಥೆಗೊಂದು ಅಡ್ಡಿ ಬೇಕು ಕಣೇ. ಅಪ್ಪನೇ ಗಾಡೀಲಿ ಕರ್ಕೊಂಡ್ ಬರ್ತಾನೆ ಅಂದ್ರೆ ಎಸ್ಕೇಪ್ ಎಲ್ಲಿಂದ?"

"ಅದು ಸುಳ್ಳು."

"ಅವರು ಹೇಳಿದ ಮಾತೇ ಅಲ್ವಾ? ನೀನೇ ಟ್ರಾನ್ಸ್‌ಲೇಟ್ ಮಾಡಿದ್ದು."

ಫೋನ್ ಇಟ್ಟೆ. ಅವಳಿಗೆ ಗೊತ್ತಿತ್ತು, ನಾನು ಸುಮ್ಮನಾಗುತ್ತೇನೆಂದು. ಹಾಸ್ಟೆಲಿನಿಂದಲೂ ಗೊತ್ತು.

ಡಿಸೆಂಬರ್ 9, ಮಂಗಳವಾರ

ತನುಜ ಸ್ಟಾಫ್ ರೂಮಿಗೆ ಬಂದಳು. ಫಿಲಂ ನೋಡಿದ ಬೆಂಗಳೂರಿನ ಟ್ರಸ್ಟೊಂದು ಅವಳನ್ನು ತಮ್ಮ ಸ್ಪೋರ್ಟ್ಸ್ ಹಾಸ್ಟೆಲಿಗೆ ಸೇರಿಸಿಕೊಳ್ಳುತ್ತದಂತೆ. ಕೋಚಿಂಗ್, ಓದು, ಊಟ, ಎಲ್ಲ. ಭಾನುವಾರ ಮನೆ ನೋಡಲು ಬರುತ್ತಾರೆ.

ಖುಷಿಯಾಗಬೇಕಿತ್ತು. ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು.

"ಅಪ್ಪ ಈಗ ಗ್ರೌಂಡಿಗೆ ಬರಲ್ಲ ಮಿಸ್. ಬಸ್ಸಲ್ಲಿ ಹೋಗು ಅಂತಾರೆ." ಆಮೇಲೆ, "ಅಪ್ಪ ಅಂಥೋರಲ್ಲ ಅಂದ್ಬಿಟ್ರೆ ಸೀಟ್ ವಾಪಸ್ ತಗೋತಾರಾ ಮಿಸ್?"

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಕಷ್ಟದ ಮನೆಯಿಂದ ಹುಡುಗಿಯನ್ನು ಬಿಡಿಸುತ್ತೇವೆ ಎಂದುಕೊಂಡೇ ಅವರು ಬರುತ್ತಿರುವುದು.

ಡಿಸೆಂಬರ್ 13, ಶನಿವಾರ

ಕ್ಷಮೆ ಕೇಳಲೆಂದೇ ಹೋದೆ. ಆವುಲಪ್ಪ ಕುರ್ಚಿ ಹಾಕಿದರು. ಕಾಫಿ ಬಂತು. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

"ನಾಳೆ ಅವರಿಗೆ ನಿಜ ಹೇಳಿಬಿಡ್ತೀನಿ."

"ಹೇಳಿ... ಆಮೇಲೆ? ಸೀಟು ನಿಮ್ಮ ಬ್ಯಾಗಲ್ಲಿದೆಯಾ ಮೇಡಂ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ಅವ್ರಿಗೆ ಬಾಗಿಲು ಹಾಕೋ ಅಪ್ಪ ಬೇಕು. ಹಾಕ್ತೀನಿ ಬಿಡಿ. ಅದೇನ್ ಕಷ್ಟದ್ ಕೆಲ್ಸವಾ?"

"ಅಯ್ಯೋ, ನಿಂಗೇನ್ ಬಂತು ದೊಡ್ರೋಗ!" ಅನಸೂಯಮ್ಮ ಎದ್ದು ನಿಂತರು. "ಊರೋರೆಲ್ಲ ಆಡ್ಕೊಳೋದು ಸಾಲ್ದಾ?"

"ಊರೋರು ಕೋಚಿಂಗ್ ಕೊಡಿಸ್ತಾರೇನೇ?"

ಆಕೆ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನೀವ್ ಕರ್ಕೊಂಡ್ ಬಂದ್ರಿ ಅಂತ ಮನೇಗ್ ಬಿಟ್ಕೊಂಡ್ವಿ ಮೇಡಂ. ಇಲ್ಲಾಂದ್ರೆ ಅವ್ರ್ಯಾರೋ, ನಾವ್ಯಾರೋ."

ನನಗೆ ಸಂಹಿತಾ ಮಾಡಿದ್ದು ಮೋಸ. ಇವರ ಲೆಕ್ಕದಲ್ಲಿ ಮೋಸ ಮಾಡಿದ್ದು ಯಾರು? ದಾರಿಯುದ್ದಕ್ಕೂ ಇದೇ.

ಡಿಸೆಂಬರ್ 14, ಭಾನುವಾರ

ಟ್ರಸ್ಟಿನ ಹೆಂಗಸು ಕಾಟನ್ ಸೀರೆಯವರು. ಕನ್ನಡ ಬಾರದು. ಮುಖದಲ್ಲಿ ನಿಜವಾದ ಮರುಕ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಅವರ ಜೊತೆ ಬಂದಿದ್ದ ಸಂಹಿತಾ ನನ್ನನ್ನು ಮುಂದೆ ತಳ್ಳಿದಳು. "ನೀನೇ ಮಾತಾಡಿಸು, ಮನೆಯವ್ರಿಗೆ ನಿನ್ ಮೇಲೆ ನಂಬಿಕೆ."

ಆವುಲಪ್ಪ ಜಗಲಿಯಲ್ಲಿ ಕೂತಿದ್ದರು. ಬನ್ನಿ ಎನ್ನಲಿಲ್ಲ. ಕುರ್ಚಿ ಹಾಕಲಿಲ್ಲ. ಯಾರ ಮುಖವನ್ನೂ ನೋಡದೆ ಬಾಯಿಪಾಠ ಒಪ್ಪಿಸಿದಂತೆ ಹೇಳಿದರು: "ಹೆಣ್ಮಕ್ಕಳಿಗ್ಯಾಕೆ ಆಟ? ಕರ್ಕೊಂಡ್ ಹೋಗೋದಾದ್ರೆ ಹೋಗಿ. ನನ್ನೇನೂ ಕೇಳ್ಬೇಡಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಲು ಅವರಿಂದ ಆಗಲಿಲ್ಲ. ಕೊನೆಯ ಗಳಿಗೆಯಲ್ಲಿ ಕೈ ಹಿಡಿಯಿತು, ಮೆಲ್ಲಗೆ ಮುಚ್ಚಿತು.

ತನುಜ ಆ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ನನ್ನನ್ನು.

ಏನಂದರು, ಮೊದಲಿನಿಂದಲೂ ಈತ ಹೀಗೇನಾ ಎಂದು ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು. ಸಂಹಿತಾ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನು ಉತ್ತರ ಕೊಟ್ಟೆ. ಒಂದೇ ವಾಕ್ಯ. ಒಳ್ಳೆಯ ಇಂಗ್ಲಿಷ್.

ಅವರ ಕಣ್ಣು ತುಂಬಿತು. ತನುಜಳ ಭುಜ ತಬ್ಬಿಕೊಂಡು, ಜನವರಿಗೇ ಬರಲಿ ಎಂದರು.

ಬಾಗಿಲಾಚೆ ಆವುಲಪ್ಪ ಇನ್ನೂ ನಿಂತೇ ಇದ್ದರು ಅನ್ನಿಸುತ್ತದೆ. ಅವರಿಗೆ ಇಂಗ್ಲಿಷ್ ತಿಳಿಯದು, ಪುಣ್ಯ. ನಾನು ಹೇಳಿದ್ದು ಇಷ್ಟೇ, ಈತ ಮೊದಲಿನಿಂದಲೂ ಹೀಗೇ.