ಡಾಕ್ಟರಮ್ಮನ ಅಂಗಿ ಮೇಲಿನ ಕತ್ತರಿ

ರೀ,

ಗುಂಡಿ ತರೋಕೆ ಪೇಟೆಗೆ ಹೋಗ್ತಿದ್ದೀನಿ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನಿ. ನಿಮ್ಮ ಕೆಮಿಕಲ್ ಬ್ರಷ್ಷನ್ನ ಅಡುಗೆಮನೆ ಸಿಂಕಲ್ಲಿ ತೊಳೀಬೇಡಿ. ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು.

ಮೊನ್ನೆ ನೀಲಿ ಫೋಟೊ ಅಚ್ಚು ಹಾಕ್ತೀನಿ ಅಂತ ನನ್ನ ಹೊಲಿಗೆ ಮೇಜಿಗೇ ಬಂದು ಕೂತು, ಡಾಕ್ಟರಮ್ಮನ ಬಿಳಿ ಅಂಗಿಯ ಬೆನ್ನಿಗೆ ಕೆಮಿಕಲ್ ಚೆಲ್ಲಿ, ಅದರ ಮೇಲೆ ನನ್ನ ಕತ್ತರಿ ಇಟ್ಟು, ಆ ಅಚ್ಚು ಮೂಡಿಸೋ ದೀಪ ಉರಿಯೋಕೆ ಬಿಟ್ಟು ನಿದ್ದೆ ಹೋದ್ರಲ್ಲ? ಕಲೆ ಹೋಗಲಿ ಅಂತ ನೀರಲ್ಲಿ ಅದ್ದಿದೆ. ತೊಳೆದಷ್ಟೂ ನೀಲಿ ಗಾಢವಾಯ್ತು, ನಡುವೆ ಬೆಳಕು ತಾಗದ ಜಾಗದಲ್ಲಿ ಬೆಳ್ಳಗೆ ಕತ್ತರಿಯ ಆಕಾರ ಎದ್ದು ಕೂತ್ಕೊಳ್ತು. ಇಪ್ಪತ್ತು ವರ್ಷದಿಂದ ಬರ್ತಿರೋ ಗಿರಾಕಿ ಕೈತಪ್ಪಿದರು ಅಂತಲೇ ಜೀವ ಕೈಯಲ್ಲಿ ಹಿಡ್ಕೊಂಡು ಅಂಗಿ ಕೊಟ್ಟೆ.

ಅವರು ಹಾಕ್ಕೊಂಡು ಕನ್ನಡಿ ಮುಂದೆ ಮೂರು ಸುತ್ತು ತಿರುಗಿದ್ರು. ಆಸ್ಪತ್ರೆಯ ಗೆಳತಿಯರಿಗೆ ಇಂಥವೇ ಆರು ಬೇಕಂತೆ! ನಾಲ್ಕು ತಿಂಗಳಿಂದ ಅಳತೆ ನೋಡಿ, ಗಡಿಯಾರ ನೋಡಿ ನೀವು ಅಚ್ಚು ಹಾಕಿದ ಎಲೆಗಳ ಚಿತ್ರಗಳನ್ನ ಒಬ್ಬರೂ ಕಣ್ಣೆತ್ತಿ ನೋಡಿಲ್ಲ.

ಆರು ಅಂಗಿ ಹೊಲಿದು ಮೇಜಿನ ಮೇಲಿಟ್ಟಿದ್ದೀನಿ. ದಯವಿಟ್ಟು ನಿಮ್ಮ ಜಾಣತನ ತೋರಿಸಬೇಡಿ. ಮೊನ್ನೆಯ ಹಾಗೇ ಕೆಮಿಕಲ್ ಚೆಲ್ಲಿ, ಕತ್ತರಿ ಇಟ್ಟು, ದೀಪ ಹಚ್ಚಿ, ನೆಮ್ಮದಿಯಾಗಿ ನಿದ್ದೆ ಮಾಡಿ.