ಖುಷಿಪಾಳಿಗೆ ಒಲ್ಲೆ ಎಂದ ಹಂಪವ್ವ

ಬಿಸಿಲುಹೊಲ, ಬಳ್ಳಾರಿ ಸೀಮೆ
ಕ್ರಿ.ಶ. 2187, ಯುಗಾದಿಯ ಮರುದಿನ

ನಮಗಿಂತ ಮೊದಲು ಬದುಕುತ್ತಿರುವ ಹಿರಿಯರಿಗೆ ಹಂಪವ್ವನ ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು. ನನ್ನ ಕೆಲವು ಮಾತುಗಳು ನಿಮಗೆ ತಿಳಿಯದಿದ್ದರೆ ಮನ್ನಿಸಿ. ಅವುಗಳ ಬೀಜ ಬಿತ್ತಿದವರು ನೀವೇ.

ಬಿಸಿಲುಹೊಲವೆಂದರೆ ಕಣ್ಣು ಹಾಯುವವರೆಗೂ ಹಾಸಿದ ಸೌರಫಲಕಗಳು. ಅವುಗಳ ಧೂಳು ಒರೆಸುವುದು ನಮ್ಮ ಕೆಲಸ. ಮಧ್ಯಾಹ್ನ ಹೊರಗೆ ನಿಂತರೆ ಚರ್ಮ ಸುಲಿಯುತ್ತದೆ. ಆಗ ನೆಲದಡಿಯ ತಂಪುಗುಂಡಿಗಳಲ್ಲಿ ಮಲಗಿದ್ದು, ಹೊತ್ತು ಇಳಿದ ಮೇಲೆ ಮತ್ತೆ ಏಳುತ್ತೇವೆ. ನಾನು ಚಿಕ್ಕವಳಿದ್ದಾಗ ವಾರಕ್ಕೆ ನಲವತ್ತೆಂಟು ತಾಸಿಗಿಂತ ಹೆಚ್ಚು ದುಡಿಸಬಾರದೆಂಬ ಕಾನೂನಿತ್ತು. ಅದನ್ನು ಯಾರೂ ಮುರಿಯಲಿಲ್ಲ. ಕೆಲಸಗಾರರೇ ಒಪ್ಪಿದರೆ ಹೆಚ್ಚು ದುಡಿಯಬಹುದೆಂದು ಒಂದು ಸಾಲು ಸೇರಿಸಿದರು, ಅಷ್ಟೇ. ಸಂಜೆಯ ಆ ಹೆಚ್ಚಿನ ತಾಸುಗಳಿಗೆ ಖುಷಿಪಾಳಿ ಎಂದು ಹೆಸರು. ತಂಡದಲ್ಲಿ ಒಬ್ಬರು ಒಪ್ಪದಿದ್ದರೂ ಇಡೀ ತಂಡಕ್ಕೆ ಆ ಪಾಳಿ ಇಲ್ಲ, ಅದರ ಕೂಲಿಯೂ ಇಲ್ಲ. ಹಾಗಾಗಿ ಮೇಲಿನವರು ಯಾರನ್ನೂ ಗದರಿಸಬೇಕಾಗಿರಲಿಲ್ಲ.

ಅವ್ವ ಒಪ್ಪಲಿಲ್ಲ. ಧೂಳು ಕುಡಿದು ಅಪ್ಪನ ಎದೆ ಕೆಟ್ಟಿತ್ತು. ಸಂಜೆ ಅವನನ್ನು ಎಬ್ಬಿಸಿ ಕೂರಿಸಿ, ಬೆನ್ನು ನೀವುತ್ತ ಗಂಜಿ ಕುಡಿಸಲು ಅವಳೇ ಬೇಕಿತ್ತು. ಮೊದಲು ತಂಡದವರು ಅವಳೊಡನೆ ಮಾತು ಬಿಟ್ಟರು. ಆಮೇಲೆ ತಂಪುಗುಂಡಿಯಲ್ಲಿ ಅವಳಿಗೆ ಜಾಗ ಬಿಡಲಿಲ್ಲ. ಕೊನೆಗೆ ಜೀವದ ಗೆಳತಿ ಶಂಕ್ರವ್ವ ಮನೆಗೇ ಬಂದಳು.

“ಹಂಪಿ, ಗಂಡಗ ಗಂಜಿ ಕುಡಸಾಕಂತ ನೀ ಮನ್ಯಾಗ ಕುಂತ್ರ, ನನ್ನ ಮಕ್ಕಳಿಗೆ ಗಂಜಿ ಎಲ್ಲಿಂದ ತರ್ಲಿ?”

ಅವ್ವ ಮರುದಿನ ಹೋಗಿ ಒಪ್ಪಿಗೆ ಕೊಟ್ಟಳು.

ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಅಪ್ಪನನ್ನು ಎತ್ತಿ ಕೂರಿಸುವಷ್ಟು ಬಲ ನನ್ನ ಕೈಗಳಲ್ಲಿರಲಿಲ್ಲ. ಆ ಬೇಸಗೆ ಮುಗಿಯುವ ಮೊದಲೇ, ಅವ್ವ ಫಲಕ ಒರೆಸುತ್ತಿದ್ದ ಒಂದು ಸಂಜೆ, ಅವನು ತೀರಿಕೊಂಡ. ಮೇಸ್ತ್ರಿ ಹೂವಿನ ಹಾರ ತಂದಿದ್ದ. “ನಾವೇನು ಬಾ ಅಂದಿದ್ವೇನ್ ತಾಯಿ? ನೀನ ಖುಷಿಲೆ ಬಂದಿದ್ದಿ” ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅವನು ಅದನ್ನು ನಿಜವಾಗಿ ನಂಬಿದ್ದ.

ಕೆಲವು ವರ್ಷಗಳಲ್ಲಿ ಸರ್ಕಾರ ನಲವತ್ತೆಂಟು ತಾಸಿನ ಆ ಮಿತಿಯನ್ನೇ ತೆಗೆದುಹಾಕಿತು. ಎಲ್ಲರೂ ಒಪ್ಪಿಯೇ ದುಡಿಯುತ್ತಿರುವಾಗ ಮಿತಿ ಯಾರಿಗೆ ಬೇಕು ಎಂಬುದು ಅವರ ವಾದ. ಮಿತಿಯ ಜೊತೆಗೆ ಹೆಚ್ಚಿನ ತಾಸುಗಳ ಕೂಲಿಯೂ ಹೋಯಿತು. ಆ ದಿನ ಶಂಕ್ರವ್ವ ಓಡಿ ಬಂದು, “ಏಳ ಹಂಪಿ, ಎಲ್ಲಾರೂ ಕೂಡಿ ಒಲ್ಲೆವು ಅನ್ನೋಣು” ಎಂದಳು.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಯಾರಿಗೆ ಒಲ್ಲೆ ಅಂತಿ? ಈಗ ಕೇಳಾವ್ರರ ಯಾರದಾರ?”

ಶಂಕ್ರವ್ವ ಹೊಸ್ತಿಲಲ್ಲೇ ಕುಸಿದು ಅತ್ತಳು. ಅವ್ವ ಅವಳ ಕೈಗೆ ಒಂದು ಬಿಸಿ ರೊಟ್ಟಿ ಕೊಟ್ಟಳು. ತಿಂದಾದ ಮೇಲೆ ಇಬ್ಬರೂ ಪಾಳಿಗೆ ಹೋದರು.

ಹಿರಿಯರೇ, ನಿಮ್ಮ ಕಾಲದಲ್ಲಿ ಇನ್ನೂ ಬಂದು ಕೇಳುತ್ತಾರಂತೆ. ಆಗುವುದಿಲ್ಲ ಎನ್ನುವವರು ನಿಮ್ಮ ನಡುವೆ ಒಬ್ಬಿಬ್ಬರಾದರೂ ಇರುತ್ತಾರಂತೆ. ಅವರ ಮನ ಒಲಿಸಲು ಅವರ ಮನೆಗೆ ಹೋಗಬೇಡಿ. ಹೋಗಲೇಬೇಕೆಂದಿದ್ದರೆ, ಅವರ ಪಕ್ಕದಲ್ಲಿ ನಿಲ್ಲಲು ಹೋಗಿ.

ಇಂತಿ,
ನಿಮ್ಮ ಒಪ್ಪಿಗೆಯ ಫಲ ಉಣ್ಣುತ್ತಿರುವ
ನೀಲಗಂಗಾ